ಮೆರವಣಿಗೆ ಕುದುರೆಗೆ ಗ್ಯಾಸಿನ ಗುಳಿಗೆ

ಹುನಗುಂದದ ಬಸ್‌ಸ್ಟ್ಯಾಂಡ್ ಎದುರಿನ ಸಾಲಿನಲ್ಲಿ ನನ್ನ ಔಷಧದ ಅಂಗಡಿ. ಜ್ವರ, ಕೆಮ್ಮು, ಬಿಪಿ, ಸಕ್ಕರೆ ಕಾಯಿಲೆ ಎಲ್ಲಕ್ಕೂ ಮದ್ದು ಇಟ್ಟಿದ್ದೇನೆ. ಆದರೆ ಅಂಗಡಿ ನಡೆಯುವುದು ಜನರ ಹೊಟ್ಟೆಯ ಮೇಲೆ. ಬೆಳಿಗ್ಗೆ ಷಟರ್ ಎತ್ತುವ ಹೊತ್ತಿಗೆ ಯಾರೋ ಒಬ್ಬರು ಎದೆ ಸವರಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಹಿಂದಿನ ದಿನ ಕಂಠಮಟ್ಟ ಖಾರ ತಿಂದು, ಎದ್ದ ಕೂಡಲೇ ಬರಿಹೊಟ್ಟೆಗೆ ಚಹಾ ಸುರಿದುಕೊಂಡು, ಅದರ ಮೇಲೆ ಗುಟಕಾ ಜಗಿದು ಬಂದಿರುತ್ತಾರೆ. ನನ್ನ ಮುಖಕ್ಕೇ ಹುಳಿತೇಗು ಬಿಟ್ಟು, 'ಗ್ಯಾಸಿನ ಗುಳಿಗಿ ಕೊಡ್ರಿ ಅಕ್ಕಾರ' ಅನ್ನುತ್ತಾರೆ. ಕಡಿಮೆ ತಿನ್ನಿ ಎಂದು ಹೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಹೇಳಿದರೆ ನಗುತ್ತಾರೆ. ಗುಳಿಗೆ ಇರುವುದೇ ತಿನ್ನುವುದಕ್ಕೆ ಅನುಕೂಲವಾಗಲಿ ಎಂದು ಅವರ ನಂಬಿಕೆ.

ಹೋದ ವರ್ಷ ಮದುವೆಗಳು ಜೋರಾಗಿದ್ದ ಬೇಸಿಗೆಯಲ್ಲಿ ಒಬ್ಬ ಮನುಷ್ಯ ಬಂದ. ಮೀಸೆಗೆ ಕಪ್ಪು ಹಚ್ಚಿದ್ದ, ಕೊರಳಲ್ಲಿ ಟವೆಲ್ಲು, ಕಾಲಲ್ಲಿ ಹೊಸ ಕೊಲ್ಹಾಪುರಿ ಚಪ್ಪಲಿ. ಸಭ್ಯನಂತೆ ಕಂಡ.

"ಗ್ಯಾಸಿನ ಗುಳಿಗಿ ಬೇಕಾಗಿದ್ದುವ್ರಿ ಅಕ್ಕಾರ. ಪೂರ್ತಿ ಡಬ್ಬಿನ ಕೊಟ್ಟಬಿಡ್ರಿ."

"ಡಬ್ಬಿ ಯಾಕ್ರಿ? ಯಾರಿಗೆ?"

"ನಮ್ಮಾಕಿಗ್ರಿ. ಹೊಟ್ಟ್ಯಾಗ ಹುಣ್ಣಾಗ್ಯಾವ ಕಾಣ್ತೈತಿ. ಏನಿಟ್ರೂ ತಿನ್ನವಲ್ಲಳು. ಒಂದ ಸಮನ ಹಲ್ಲ ಕಡೀತಾಳ."

ನನಗೆ ಆ ಹೆಂಗಸಿನ ಬಗ್ಗೆ ಕನಿಕರ ಬಂತು. "ಈಗ ಎಷ್ಟ ಕೊಡಾಕತ್ತೀರಿ?" ಎಂದೆ.

"ಹೊತ್ತಿಗೆ ಒಂದ ಹಿಡಿ ಕೊಡ್ತೇನ್ರಿ. ಕುಟ್ಟಿ ಬೆಲ್ಲದಾಗ ಕಲಸಿ."

ನನ್ನ ಕೈ ಕಪಾಟಿನ ಮೇಲೆಯೇ ನಿಂತಿತು. ಹಿಡಿ ತುಂಬ ಗುಳಿಗೆಯನ್ನು ಹೆಂಡತಿಗೆ ತಿನ್ನಿಸುವ ಗಂಡನನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. "ಬಸರ ಅದಾರೇನ್ರಿ?" ಎಂದು ಕೇಳಿದೆ.

"ಇಲ್ರಿ ಇಲ್ರಿ, ಗಬ್ಬ ಇಲ್ಲ."

ಗಬ್ಬ ಅನ್ನುವುದು ದನಕರುಗಳಿಗೆ, ಹೆಂಡತಿಯನ್ನು ಯಾರೂ ಗಬ್ಬ ಅನ್ನುವುದಿಲ್ಲ. ನಾನು ತಿರುಗಿ ಅವನ ಮುಖ ನೋಡಿದೆ. ಅವನಿಗೂ ತಿಳಿಯಿತು. ಸ್ವಲ್ಪ ನಾಚಿಕೊಂಡು ಹೇಳಿದ, "ಕುದುರಿಗ್ರಿ. ಮದಿವಿ ಮೆರವಣಿಗಿ ಕುದುರಿ ಐತ್ರಿ ನನ್ನದು, ಇಳಕಲ್ಲದಾಗ. ಬಿಳಿದು."

ಯಾರು ಹೇಳಿದರು ಇದನ್ನು ಎಂದು ಕೇಳಿದ್ದಕ್ಕೆ ಜೇಬಿನಿಂದ ಮೊಬೈಲ್ ತೆಗೆದು ವಿಡಿಯೋ ತೋರಿಸಿದ. ಎಲ್ಲಿಯದೋ ದೇಶದ ಹೆಂಗಸು ಕುದುರೆ ಲಾಯದಲ್ಲಿ ನಿಂತು ಮಾತಾಡುತ್ತಿದ್ದಳು. ಅವಳ ಭಾಷೆ ಇವನಿಗೆ ಬರುವುದಿಲ್ಲ. ಅವಳ ಕೈಯಲ್ಲಿದ್ದ ಡಬ್ಬಿ ನೋಡಿ ಅರ್ಥ ಮಾಡಿಕೊಂಡಿದ್ದ. ನಾನು ಕೊಡುವುದಿಲ್ಲ ಎಂದೆ. ದನದ ದವಾಖಾನೆಗೆ ಹೋಗಿ ತೋರಿಸಿ, ಅವರು ಬರೆದುಕೊಟ್ಟರೆ ನೋಡೋಣ ಎಂದೆ.

"ಮನಷ್ಯಾರ ಹೊಟ್ಟಿ ಆದ್ರೇನು, ಕುದುರಿ ಹೊಟ್ಟಿ ಆದ್ರೇನ್ರಿ, ಉರಿ ಉರೀನ ಅಲ್ಲ? ನಾನೂ ಇದ್ನ ತಗೋತೇನಿ," ಎಂದ. ನಾನು ಒಪ್ಪದೇ ಇದ್ದಾಗ ಬೇಸರವೇನೂ ಮಾಡಿಕೊಳ್ಳಲಿಲ್ಲ. "ಇರ್ಲಿ ಬಿಡ್ರಿ, ಅಮೀನಗಡದಾಗ ಕೊಡ್ತಾರ," ಎಂದು ಹೇಳಿ ಬಸ್ಸಿನ ಕಡೆ ನಡೆದ. ಕೊಡುತ್ತಾರೆ ಎಂದು ನನಗೂ ಗೊತ್ತಿತ್ತು. ಆ ದಿನವಿಡೀ ಬೆಲ್ಲದಲ್ಲಿ ಕಲಸಿದ ಗುಳಿಗೆಯ ಹಿಟ್ಟು ಕಣ್ಣಿಗೆ ಕಟ್ಟಿದಂತಿತ್ತು. ಆಮೇಲೆ ಮರೆತೆ.

ಅದಾದ ಸ್ವಲ್ಪ ದಿನಕ್ಕೆ ಇಳಕಲ್ಲಿನಲ್ಲಿ ನನ್ನ ಅಣ್ಣನ ಮಗನ ಮದುವೆ. ಅಣ್ಣನದು ಸೀರೆ ವ್ಯಾಪಾರ. ಬೀಗರು ಬಾದಾಮಿಯವರು, ಓದಿದವರು, ನೌಕರಿಯವರು. ಅವರ ಮುಂದೆ ಯಾವುದಕ್ಕೂ ಕಡಿಮೆಯಾಗಬಾರದು ಎಂದು ಅಣ್ಣ ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದ. ಮುಂಜಾನೆ ಗುಡಿಯಿಂದ ಕಲ್ಯಾಣ ಮಂಟಪದವರೆಗೆ ಮದುಮಗನ ಮೆರವಣಿಗೆ. ಡೊಳ್ಳು ಬೇರೆ, ಡಿಜೆ ಬೇರೆ, ಪಟಾಕಿ ಬೇರೆ. ನಾನು ಆರತಿ ತಟ್ಟೆ ಹಿಡಿದು ಗುಡಿಯ ಕಟ್ಟೆ ಇಳಿದಾಗ ಎದುರಿಗೆ ಬಿಳಿ ಕುದುರೆ ನಿಂತಿತ್ತು. ಅದರ ಲಗಾಮು ಹಿಡಿದವನು ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದ. ಅದೇ ಮೀಸೆ.

ದೂರದಿಂದ ಚಂದವೇ ಕಾಣುತ್ತಿತ್ತು. ಹಣೆಗೆ ಕನ್ನಡಿ ಪಟ್ಟಿ, ಕುತ್ತಿಗೆಗೆ ಝರಿ ಗೊಂಡೆ, ಗೊರಸಿಗೆ ಕೆಂಪು ಬಣ್ಣ. ಹತ್ತಿರ ಹೋದೆ. ಕುದುರೆಯ ಬಾಯಿಂದ ಪುದೀನ, ಬಡೇಸೋಂಪು ವಾಸನೆ ಬರುತ್ತಿತ್ತು. ನನಗೆ ಚೆನ್ನಾಗಿ ಗೊತ್ತಿರುವ ವಾಸನೆ ಅದು. ದಿನವೂ ಜನ ನನ್ನ ಅಂಗಡಿಯ ಮುಂದೆಯೇ ಮುಚ್ಚಳ ತೆಗೆದು ಕುಡಿಯುವ ಗುಲಾಬಿ ಬಣ್ಣದ ಗ್ಯಾಸಿನ ಔಷಧಿಯದು. ತುಟಿಯ ಎರಡೂ ಅಂಚಿಗೆ ಅದೇ ಗುಲಾಬಿ ಬಣ್ಣ ಒಣಗಿ ಹಕ್ಕಳೆಗಟ್ಟಿತ್ತು. ಲಗಾಮಿನ ಕಬ್ಬಿಣಕ್ಕೆ ಬಿಳಿ ಹಿಟ್ಟು ಮೆತ್ತಿತ್ತು. ಅದು ಜೊಲ್ಲಿನೊಡನೆ ಸೇರಿ ದಾರದಂತೆ ಇಳಿಯುತ್ತಿತ್ತು. ಕಟ್ಟೆಯ ಬದಿಗೆ ಒಂದು ಬಿಯರ್ ಬಾಟಲಿ ಇತ್ತು, ಒಳಗೆ ತಳದಲ್ಲಿ ಗುಲಾಬಿ ಗಸಿ. ಅದರಿಂದಲೇ ಗಂಟಲಿಗೆ ಹೊಯ್ದಿದ್ದಾನೆ.

"ಇದಕ್ಕ ಹುಲ್ಲು ಯಾವಾಗ ಹಾಕೀರಿ?" ಎಂದು ಮೆಲ್ಲಗೆ ಕೇಳಿದೆ.

ಅವನು ಕುದುರೆಯ ಜೊಲ್ಲನ್ನು ಟವೆಲ್ಲಿನಿಂದ ಒರೆಸಿದ. ಆಮೇಲೆ, "ನಿನ್ನಿ ಮಧ್ಯಾಹ್ನದಿಂದ ಬಾಯಿ ಕಟ್ಟೇನ್ರಿ," ಎಂದ.

"ಯಾಕ?"

"ಸಾವಕಾರ್ರು ಹೇಳ್ಯಾರ್ರಿ. ಬೀಗರ ಮುಂದ ಲದ್ದಿ ಹಾಕಬಾರ್ದು ಅಂತ. ಎಲ್ಲಾ ಮದಿವ್ಯಾಗೂ ಹಿಂಗ ಹೇಳ್ತಾರ್ರಿ. ಹೊಟ್ಟಿ ಖಾಲಿ ಇದ್ರ ಹಾಕೂದುಲ್ಲ."

ಸಾವಕಾರ ಎಂದರೆ ನನ್ನ ಅಣ್ಣ. ತಲೆಗೆ ರೇಶಿಮೆ ಪಟಗ ಸುತ್ತಿಕೊಂಡು ಡಿಜೆ ಗಾಡಿಯ ಹತ್ತಿರ ನಿಂತಿದ್ದ. ಹೋಗಿ ಕೇಳಿದೆ. ಅವನಿಗೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ.

"ಖರೆ, ನಾನ ಹೇಳೇನಿ. ನಮ್ಮ ಓಣ್ಯಾಗ ಒಂದ ಮದಿವ್ಯಾಗ ಕುದುರಿ ಬೀಗತಿ ಸೀರಿಗೆ ಸಿಡಿಸಿತ್ತು. ಮಂದಿ ಇನ್ನೂ ಆಡ್ಕೋತಾರ. ನನಗ ಆ ಹೊಲಸು ಬ್ಯಾಡವಾ."

"ಅಣ್ಣಾ, ಅದಕ್ಕ ಹೊಟ್ಟ್ಯಾಗ ಹುಣ್ಣಾಗ್ಯಾವ. ಉಪವಾಸ ಇಟ್ರ ಇನ್ನೂ ಉರೀತೈತಿ."

"ಒಂದ ತಾಸಿನ ಕೆಲಸ ಐತಿ. ಮುಗದ ಮ್ಯಾಲ ತಿನ್ನಲಿ. ನೀ ಆರತಿ ನೋಡು ಹೋಗು."

ಮೆರವಣಿಗೆ ಹೊರಟಿತು. ಬಿಸಿಲು ಆಗಲೇ ಕಾಯುತ್ತಿತ್ತು. ಡಿಜೆಯ ಸದ್ದಿಗೆ ಅಂಗಡಿಗಳ ತಗಡು ನಡುಗುತ್ತಿತ್ತು. ಮದುಮಗ, ನಮ್ಮ ಹುಡುಗ, ತೂಕದಲ್ಲಿ ಸಣ್ಣವನೇನಲ್ಲ. ಅವನು ಏರಿ ಕೂತ ಮೇಲೆ ಕುದುರೆಯ ಯಜಮಾನ ಜೀನಿನ ಪಟ್ಟಿ ಇನ್ನೊಮ್ಮೆ ಬಿಗಿದಾಗ ಕುದುರೆ ಕತ್ತು ಹೊರಳಿಸಿ ತನ್ನ ಹೊಟ್ಟೆಯನ್ನೇ ಕಚ್ಚಲು ಹೋಯಿತು. ಯಜಮಾನ ಲಗಾಮು ಎಳೆದ. ನಾಲ್ಕು ಹೆಜ್ಜೆ ನಡೆದು ಮತ್ತೆ ಹೊಟ್ಟೆಯ ಕಡೆ ನೋಡುತ್ತಿತ್ತು. ಅಣ್ಣನ ಗೆಳೆಯರು, ಸಂಬಂಧಿಕರು, ಗಂಡಸರೆಲ್ಲ ಅದರ ಸುತ್ತ ಕುಣಿಯುತ್ತಿದ್ದರು. ಯಾರೋ ಒಬ್ಬ ತಾನು ಕುಡಿಯುತ್ತಿದ್ದ ತಂಪು ಪಾನೀಯದ ಬಾಟಲಿಯನ್ನು ಅದರ ಬಾಯಿಗೆ ತುರುಕಿ ಸುರಿದ. ಎಲ್ಲರೂ ಚಪ್ಪಾಳೆ ತಟ್ಟಿದರು. "ಕುಣಸ್ರಿ, ಕುಣಸ್ರಿ" ಎಂದರು. ಯಜಮಾನ ಬಾರುಕೋಲಿನಿಂದ ಮುಂಗಾಲಿಗೆ ತಟ್ಟಿದ. ಸಿಮೆಂಟ್ ರಸ್ತೆಯ ಮೇಲೆ ಟಕಟಕ ಎಂದು ಅದು ಕಾಲು ಎತ್ತಿ ಎತ್ತಿ ಹಾಕಿತು. ನಾನು ಅದರ ಕಣ್ಣು ನೋಡುತ್ತಿದ್ದೆ. ಕಾಡಿಗೆ ಹಚ್ಚಿದ್ದರು ಕಣ್ಣಿಗೂ.

ನೇಕಾರರ ಓಣಿ ಬಂದಾಗ ಅದು ನಿಂತುಬಿಟ್ಟಿತು. ಬಾರುಕೋಲಿಗೂ ಕದಲಲಿಲ್ಲ. ಮುಂಗಾಲು ಮಡಚಿತು, ಆಮೇಲೆ ಹಿಂಗಾಲು, ಮದುಮಗನ ಸಮೇತ ರಸ್ತೆಯ ಮೇಲೆ ಮಲಗಿತು. ಹುಡುಗ ಪಕ್ಕಕ್ಕೆ ಹಾರಿ ಉಳಿದುಕೊಂಡ. ಪಟಗ ಉರುಳಿ ಹೋಯಿತು. ಯಾರೋ ಕೈಸನ್ನೆ ಮಾಡಿ ಡಿಜೆ ನಿಲ್ಲಿಸಿದರು. ಆಮೇಲೆ ನಕ್ಕರು. ಒಬ್ಬಿಬ್ಬರಲ್ಲ, ಓಣಿ ಓಣಿಯೇ ನಕ್ಕಿತು. ಎಲ್ಲರ ಕೈಯಲ್ಲೂ ಮೊಬೈಲುಗಳು ಮೇಲೆದ್ದವು. ಕುದುರೆ ಕತ್ತು ಚಾಚಿ ಹಲ್ಲು ಕಡಿಯುತ್ತಿತ್ತು. ಡಿಜೆ ನಿಲ್ಲಿಸಿದ್ದರಿಂದ ಆ ಸದ್ದು ನನಗೆ ಕೇಳಿಸಿತು. ನಮ್ಮವನೇ ಒಬ್ಬ, ನನ್ನ ಚಿಕ್ಕಪ್ಪನ ಅಳಿಯ, ಬೂಟುಗಾಲಿನಿಂದ ಅದರ ಬೆನ್ನಿಗೆ ಒದ್ದ. ನಾನು ಆರತಿ ತಟ್ಟೆಯನ್ನು ಯಾರದೋ ಕೈಗೆ ಕೊಟ್ಟು ಅವನ ಎದುರಿಗೆ ಹೋಗಿ ನಿಂತೆ. ಅವನು ಹಿಂದೆ ಸರಿದ.

ಅಣ್ಣ ಬೆವರು ಒರೆಸಿಕೊಳ್ಳುತ್ತ ಬಂದ. ಕುದುರೆಯನ್ನು ನೋಡಲಿಲ್ಲ, ಬೀಗರ ಕಡೆ ನೋಡಿದ. "ಕಾರ ತರ್ಸ್ರಿ," ಎಂದ. ಕಾರು ಬಂತು, ಮದುಮಗ ಹತ್ತಿದ, ಡಿಜೆ ಮತ್ತೆ ಶುರುವಾಯಿತು.

"ನಡಿ, ಮುಹೂರ್ತ ಸಮೀಪ ಬಂತು," ಎಂದ ನನಗೆ.

"ನೀ ಹೋಗು. ನಾ ಡಾಕ್ಟರಿಗೆ ಫೋನ್ ಮಾಡ್ತೇನಿ."

"ಮದುಮಗನ ಅತ್ತಿ ಆಗಿ ನೀ ಕುದುರಿ ಕಾಯ್ಕೋತ ಕೂಡ್ತೀಯೇನು?"

ಕೂಡುತ್ತೇನೆ ಎಂದೆ. ಅವನು ಹೋದ.

ನನಗೆ ಪರಿಚಯದ ದನದ ಡಾಕ್ಟರು ಒಬ್ಬರಿದ್ದರು. ಅವರ ಚೀಟಿ ಹಿಡಿದುಕೊಂಡು ರೈತರು ನನ್ನ ಅಂಗಡಿಗೆ ಬರುತ್ತಿದ್ದರು. ಆ ದಿನ ಪುಣ್ಯಕ್ಕೆ ಇಳಕಲ್ಲಿನ ಕಡೆಗೇ ಬಂದಿದ್ದರು. ಬೈಕಿನ ಮೇಲೆ ಬೇಗ ಬಂದರು. ಅಷ್ಟರಲ್ಲಿ ಯಜಮಾನನೂ ಇಬ್ಬರು ನೇಕಾರರೂ ಸೇರಿ ಕುದುರೆಯನ್ನು ಎಬ್ಬಿಸಿ, ಜೀನು ಬಿಚ್ಚಿ, ಬೇವಿನ ಗಿಡದ ನೆರಳಿಗೆ ತಂದಿದ್ದರು. ಪಟ್ಟಿ ಬಿಗಿದ ಜಾಗದಲ್ಲಿ ಕೂದಲು ಉದುರಿ ಚರ್ಮ ಕಾಣುತ್ತಿತ್ತು.

ಡಾಕ್ಟರು ವಸಡು ನೋಡಿದರು, ಪಕ್ಕೆಗೆ ಸ್ಟೆತಾಸ್ಕೋಪ್ ಹಚ್ಚಿ ಕೇಳಿದರು. ಆಮೇಲೆ ಉದ್ದನೆಯ ರಬ್ಬರ್ ಕೊಳವೆಗೆ ಎಣ್ಣೆ ಸವರಿ ಮೂಗಿನೊಳಗಿಂದ ಹೊಟ್ಟೆಗೆ ಇಳಿಸಿದರು. "ಕುದುರಿಗೆ ವಾಂತಿ ಆಗೂದುಲ್ಲ ಮೇಡಂ," ಎಂದರು, ಕೆಲಸ ಮಾಡುತ್ತಲೇ. "ಗಂಟಲಾಗಿಂದ ಕೆಳಗ ಹೋದದ್ದು ಮತ್ತ ಮ್ಯಾಲ ಬರಾಕ ದಾರಿ ಇಲ್ಲ. ನಾವ ತಗೀಬೇಕು."

ಹೊಟ್ಟೆಯಲ್ಲಿದ್ದದ್ದು ಬಕೆಟ್ಟಿಗೆ ಇಳಿದು ಬಂತು. ನಾನು ಬದುಕಿನಲ್ಲಿ ರಕ್ತ, ಕೀವು, ಹುಳು ಎಲ್ಲ ಕಂಡವಳು. ಆದರೂ ಆ ಬಕೆಟ್ಟಿನಿಂದ ಮುಖ ತಿರುಗಿಸಿದೆ. ಗುಲಾಬಿ ಬಣ್ಣದ ಲೋಳೆ, ಕರಗದೆ ಉಳಿದ ಬೆಲ್ಲದ ಚೂರು, ಗುಳಿಗೆಗಳ ಬಣ್ಣದ ಸಿಪ್ಪೆ, ಆ ತಂಪು ಪಾನೀಯದ ನೊರೆ. ಎಲ್ಲದರ ಮೇಲೆ ಕೊಳೆತ ಹುಳಿಯ ವಾಸನೆ, ಅದರೊಳಗೆ ಆ ಪುದೀನ. ಹುಲ್ಲಿನ ಒಂದು ಎಳೆಯೂ ಇರಲಿಲ್ಲ. ಆ ಪ್ರಾಣಿಯ ಹೊಟ್ಟೆಯಲ್ಲಿ ಇದ್ದದ್ದೆಲ್ಲ ಮನುಷ್ಯರದು.

ಡಾಕ್ಟರು ಯಜಮಾನನನ್ನು ಕರೆದು ಬಕೆಟ್ ತೋರಿಸಿದರು. "ಏನಿದು?"

ಅವನು ಎಲ್ಲ ಹೇಳಿದ. ಗುಳಿಗೆ ಕುಟ್ಟುವುದು, ಬೆಲ್ಲದಲ್ಲಿ ಕಲಸುವುದು. ಅದಷ್ಟೇ ಅಲ್ಲ. ಸಿಮೆಂಟ್ ರಸ್ತೆಯ ಮೇಲೆ ಕುಣಿದು ಕುಣಿದು ಕುದುರೆಯ ಮುಂಗಾಲು ಬಾತುಕೊಳ್ಳುತ್ತಿತ್ತು. ಅದಕ್ಕೆ ಮನುಷ್ಯರ ನೋವಿನ ಗುಳಿಗೆ ಕೊಡುತ್ತಿದ್ದ. ಪ್ರತಿ ಮದುವೆಯ ಹಿಂದಿನ ದಿನ, ಮದುವೆಯ ದಿನ.

"ಕೇಳ ಇಲ್ಲೆ," ಎಂದರು ಡಾಕ್ಟರು. ಸಿಟ್ಟಿನಿಂದಲ್ಲ, ದಣಿದ ದನಿಯಲ್ಲಿ. "ನಿನ್ನ ಹೊಟ್ಟಿಗೂ ಇದರ ಹೊಟ್ಟಿಗೂ ಭಾಳ ಫರಕ್ ಐತಿ. ಇದರ ಹೊಟ್ಟ್ಯಾಗ ಹುಳಿ ಹಗಲೂ ರಾತ್ರಿ ಸುರೀತೈತಿ, ತಿಂದ್ರೂ ಸುರೀತೈತಿ, ತಿನ್ನದಿದ್ರೂ ಸುರೀತೈತಿ. ಹುಲ್ಲ ಅಗದ್ರ ಜೊಲ್ಲ ಬರತೈತಿ, ಆ ಜೊಲ್ಲ ಇದಕ್ಕ ಔಷಧ. ನೀ ಬಾಯಿ ಕಟ್ಟಿ ಆ ಔಷಧ ಬಂದ್ ಮಾಡಿದಿ. ಮ್ಯಾಲ ನೋವಿನ ಗುಳಿಗಿ ಹಾಕಿದಿ, ಅದು ಒಳಗಿನ ಪದರ ತಿಂತೈತಿ. ಆಮ್ಯಾಲ ಗ್ಯಾಸಿನ ಗುಳಿಗಿ ಕುಟ್ಟಿ ಹಾಕಿದಿ. ಅದರ ಮ್ಯಾಲಿನ ಲೇಪ ಹೋದ್ರ, ಹುಳಿ ಆ ಗುಳಿಗೀನ ಕೊಂದಬಿಡತೈತಿ. ಕೆಲಸ ಮಾಡೂದು ದೂರದ ಮಾತು."

"ವಿಡಿಯೋದಾಗ..." ಎಂದ ಯಜಮಾನ.

"ಆ ವಿಡಿಯೋದಾಕಿ ತನ್ನ ಕುದುರಿ ಮುಂದ ದಿನಾ ಹುಲ್ಲ ಒಟ್ಟಿರ್ತಾಳ. ಅದನ್ನ ನೀ ನೋಡಿಲ್ಲ."

ಒಳಗೆ ಹುಣ್ಣು ಎಷ್ಟಿದೆ ಎಂದು ನೋಡಬೇಕೆಂದರೆ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಬೇಕು, ಅಷ್ಟು ಉದ್ದದ್ದು ತಮ್ಮ ಬಳಿ ಇಲ್ಲ ಎಂದರು. ಲಕ್ಷಣ ನೋಡಿಯೇ ಹೇಳಬೇಕು. ಹೊಟ್ಟೆಯ ಸೆಳೆತಕ್ಕೆ ಸೂಜಿ ಚುಚ್ಚಿ, ಮೆಲ್ಲಗೆ ನಡೆದಾಡಿಸು ಎಂದು ಯಜಮಾನನಿಗೆ ಹೇಳಿದರು. ಲದ್ದಿ ಹಾಕಿದರೆ ಕರುಳು ಕೆಲಸ ಮಾಡುತ್ತಿದೆ ಎಂದು ಅರ್ಥ, ಹಾಕುವವರೆಗೆ ತಾವು ಹೋಗುವುದಿಲ್ಲ ಎಂದರು.

ಹೀಗೆ ನಾವು ಬೇವಿನ ಗಿಡದ ಕೆಳಗೆ ಒಂದು ಕುದುರೆಯ ಲದ್ದಿಗಾಗಿ ಕಾಯುತ್ತ ನಿಂತೆವು. ಮಂಟಪದ ಕಡೆಯಿಂದ ಮಂಗಳವಾದ್ಯ ಕೇಳಿಸಿತು. ಅಕ್ಷತೆ ಬಿದ್ದಿರಬೇಕು. ಬಿಡಾರಕ್ಕೆ ಹೊರಟ ಬೀಗರ ಕಡೆಯ ಹೆಂಗಸರು ಆ ದಾರಿಯಲ್ಲೇ ಬಂದರು. ಬಕೆಟ್ಟಿನ ವಾಸನೆಗೆ ಸೆರಗು ಮೂಗಿಗೆ ಹಿಡಿದು, "ಥೂ, ಏನ ಹೊಲಸ್ರಿ ಇದು," ಎಂದು ಒಬ್ಬರು ನನ್ನನ್ನೇ ಕೇಳಿದರು.

ಕೊನೆಗೆ ಕುದುರೆ ಬಾಲ ಎತ್ತಿತು. ಸಣ್ಣ, ಕಲ್ಲಿನಂತೆ ಗಟ್ಟಿಯಾದ ಉಂಡೆಗಳು, ಮೇಲೆ ಲೋಳೆ. ಒಂದೆರಡು ನನ್ನ ಸೀರೆಯ ಅಂಚಿಗೂ ತಾಕಿದವು. ಆ ದಿನ ನಾನು ಕಂಡದ್ದರಲ್ಲಿ ಹೇಸಿಗೆ ಹುಟ್ಟಿಸದ ವಸ್ತು ಅದೊಂದೇ. ಯಜಮಾನ ಅದನ್ನು ನೋಡಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಪಕ್ಕದ ಮನೆಯ ನೇಕಾರ ತನ್ನ ಆಕಳ ಮುಂದಿದ್ದ ಜೋಳದ ಕಣಿಕೆಯಿಂದ ಒಂದು ತೆಕ್ಕೆ ತಂದು ಕೊಟ್ಟ. ಕುದುರೆ ಮೊದಲು ಮೂಸಿತು, ಆಮೇಲೆ ಒಂದೊಂದೇ ದಂಟು ಎಳೆದು ಅಗಿಯತೊಡಗಿತು.

ನಾನು ಮಂಟಪಕ್ಕೆ ಹೋದಾಗ ಎರಡನೆಯ ಪಂಕ್ತಿ ನಡೆದಿತ್ತು. ವೈನಿ, ಅಣ್ಣನ ಹೆಂಡತಿ, ಹತ್ತಿರ ಬಂದು ಮೂಗು ಸೊಟ್ಟ ಮಾಡಿ, "ಮೈಯೆಲ್ಲಾ ಏನ ವಾಸನಿ ಬರ್ತೈತಿ, ಮೊದಲ ಸೀರಿ ಬದಲಿಸು," ಎಂದಳು. ಬದಲಿಸಿ ಬಂದು ಎಲೆಯ ಮುಂದೆ ಕೂತೆ. ಎದುರಿನ ಸಾಲಿನಲ್ಲಿ ಅಣ್ಣನ ಗೆಳೆಯರು. ಜಿಲೇಬಿಯನ್ನು ಪಂದ್ಯ ಕಟ್ಟಿ ತಿನ್ನುತ್ತಿದ್ದರು. ಗಲ್ಲದ ಮೇಲೆ ಪಾಕ ಇಳಿಯುತ್ತಿತ್ತು. ಕುದುರೆಯ ಬಾಯಿಗೆ ಬಾಟಲಿ ಇಟ್ಟವನು ಅಲ್ಲೇ ಇದ್ದ. ಬೆಲ್ಟು ಸಡಿಲಿಸಿ, ತೇಗಿ, ನನ್ನ ಕಡೆ ಕೈಬೀಸಿದ.

"ಅಕ್ಕಾರ, ನಿಮ್ಮ ಪರ್ಸಿನ್ಯಾಗ ಗ್ಯಾಸಿನ ಗುಳಿಗಿ ಇದ್ರ ಒಂದ ಕೊಡ್ರಲಾ. ಇನ್ನೂ ಹುಗ್ಗಿ ತಿನ್ನೂದೈತಿ."

ಪಕ್ಕದವರು ನಕ್ಕರು. ಎಲೆ ಮಡಚಿ ಎದ್ದೆ. ಸಂಜೆಯ ಬಸ್ಸಿಗೆ ಕಾಯದೆ ಸಿಕ್ಕ ಟಂಟಂ ರಿಕ್ಷಾ ಹತ್ತಿ ಹುನಗುಂದಕ್ಕೆ ಬಂದುಬಿಟ್ಟೆ.

ಒಂದು ವಾರದೊಳಗೆ ಆ ಯಜಮಾನ ಡಾಕ್ಟರ ಚೀಟಿ ಹಿಡಿದುಕೊಂಡು ಅಂಗಡಿಗೆ ಬಂದ. ಕುದುರೆಗಳಿಗೆಂದೇ ಮಾಡಿದ ಮುಲಾಮಿನಂಥ ಔಷಧ, ನಾಲಗೆಯ ಹಿಂದೆ ಹಚ್ಚುವಂಥದ್ದು. ನಾನು ಹೊರಗಿನಿಂದ ತರಿಸಿಕೊಟ್ಟೆ. ಮಾತಿಗೆ ಕೂರಿಸಲಿಲ್ಲ, ಚಹಾ ಕೇಳಲಿಲ್ಲ. ಅವನ ಮೇಲೆ ನನಗೆ ಇನ್ನೂ ಸಿಟ್ಟಿತ್ತು. ಅವನೇ ನಿಂತುಕೊಂಡು ಹೇಳಿದ.

"ನೋವಿನ ಗುಳಿಗಿ ಬಿಟ್ಟೇನ್ರಿ. ಮಂದಿ ಕುಣಸು ಅಂದ್ರ ಒಲ್ಲೆ ಅಂತೇನಿ. ರಾಮಥಾಳದಾಗ ನಮ್ಮ ಮಾವನ ಹೊಲ ಐತಿ, ಅಲ್ಲೆ ಮೇಯಾಕ ಬಿಟ್ಟೇನಿ."

ಮಳೆಗಾಲದಲ್ಲಿ ಆ ದಾರಿಯಲ್ಲಿ ಹೋಗುವ ಕೆಲಸ ಬಿದ್ದಾಗ ನಾನೂ ನೋಡಿ ಬಂದೆ. ಬದುವಿನ ಮೇಲೆ ಮೇಯುತ್ತಿತ್ತು. ಮೈತುಂಬ ಕೆಸರು ಮೆತ್ತಿ ಬಿಳಿಯ ಬಣ್ಣವೇ ಗುರುತು ಸಿಗದಂತಿತ್ತು. ಪಕ್ಕೆ ತುಂಬಿತ್ತು. ನಾನು ಹತ್ತಿರ ಹೋದರೂ ತಲೆ ಎತ್ತಲಿಲ್ಲ, ಮೇಯುತ್ತಲೇ ಇತ್ತು.

ಈಗ ಅವನು ಕುದುರೆಯ ಬಾಲದ ಕೆಳಗೆ ಕೆಂಪು ಬಟ್ಟೆಯ ಒಂದು ಚೀಲ ಹೊಲಿಸಿ ಕಟ್ಟುತ್ತಾನೆ, ಲದ್ದಿ ಅದರಲ್ಲೇ ಬೀಳಲಿ ಎಂದು. ಡಾಕ್ಟರು ಹೇಳಿಕೊಟ್ಟದ್ದು. ಹೊಟ್ಟೆ ತುಂಬ ತಿನ್ನಿಸಿಯೇ ಮೆರವಣಿಗೆಗೆ ತರುತ್ತಾನೆ. ಆದರೆ ಕರೆಯುವವರು ಕಡಿಮೆಯಾಗಿದ್ದಾರೆ. ಫೋಟೋದಲ್ಲಿ ಚೀಲ ಹೊಲಸು ಕಾಣುತ್ತದಂತೆ. ಚೀಲವಿಲ್ಲದ, ಲದ್ದಿಯನ್ನೂ ಹಾಕದ ಕುದುರೆ ಬಾಗಲಕೋಟೆಯಿಂದ ಬರುತ್ತದೆ ಎಂದು ಜನ ಅದನ್ನೇ ತರಿಸುತ್ತಾರೆ. ಅದು ಹೇಗೆ ಲದ್ದಿ ಹಾಕದೆ ಇರುತ್ತದೆ ಎಂದು ಯಾರೂ ಕೇಳುವುದಿಲ್ಲ. ಇವನು ಉಳಿದ ದಿನ ಆಟೋ ಓಡಿಸುತ್ತಾನೆ.

ಅಣ್ಣ ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದ. ಆಮೇಲೆ ಸೊಸೆಯ ಸೀಮಂತಕ್ಕೆ ಕರೆದ, ಹೋದೆ. ಅವರ ಪಡಸಾಲೆಯ ಗೋಡೆಗೆ ಮದುವೆಯ ಫೋಟೋ ಒಂದನ್ನು ದೊಡ್ಡದು ಮಾಡಿಸಿ ಹಾಕಿದ್ದಾರೆ. ಕುದುರೆ ಬೀಳುವ ಸ್ವಲ್ಪ ಮೊದಲು ತೆಗೆದದ್ದು. ನಮ್ಮ ಹುಡುಗ ಪಟಗ ಸುತ್ತಿ ಕತ್ತಿ ಹಿಡಿದು ಕೂತಿದ್ದಾನೆ. ಕುದುರೆಯ ಕಿವಿಗಳು ಹಿಂದಕ್ಕೆ ಮಲಗಿವೆ, ಹೊಟ್ಟೆಯ ಪಟ್ಟಿ ಮಾಂಸದಲ್ಲಿ ಹೂತಿದೆ, ಬಾಯಿ ಅರ್ಧ ತೆರೆದಿದೆ. ಬಂದವರೆಲ್ಲ ಅದರ ಮುಂದೆ ನಿಂತು, ಕುದುರೆ ನಗುತ್ತಿದೆ ನೋಡಿ ಎನ್ನುತ್ತಾರೆ. ಅಣ್ಣನೂ ಹೌದೆನ್ನುತ್ತಾನೆ. ನಾನು ಹೋದಾಗಲೆಲ್ಲ ಆ ಗೋಡೆಗೆ ಬೆನ್ನು ಮಾಡಿ ಕೂಡುತ್ತೇನೆ. ವೈನಿ ಚಹಾ ತಂದರೆ ಕುಡಿದು, ಊಟದ ಹೊತ್ತಿಗಿಂತ ಮುಂಚೆ ಎದ್ದು ಬರುತ್ತೇನೆ.